ಪೆಪ್ಟೈಡ್ ತೂಗಿ ಪ್ರೋಟೀನ್ ಹೆಸರು ಹಿಡಿಯುವುದು: ಟ್ಯೂಬ್‌ನಿಂದ ಸ್ವಂತ ಸಾಫ್ಟ್‌ವೇರ್‌ವರೆಗೆ

ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಪ್ರೋಟೀನ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ಅಕ್ಕಸಾಲಿಗನ ತಕ್ಕಡಿ ಇದ್ದ ಹಾಗೆ, ತೂಗುವುದು ಬಿಟ್ಟು ಬೇರೆ ಕೆಲಸ ಬರುವುದಿಲ್ಲ. ಅದೂ ನೇರ ತೂಕ ಕೊಡುವುದಿಲ್ಲ, ತೂಕವನ್ನು ಚಾರ್ಜ್‌ನಿಂದ ಭಾಗಿಸಿದ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಗಳ ರಾಶಿ, ಅಂದರೆ ಸ್ಪೆಕ್ಟ್ರಮ್, ನೋಡಿ "ಇದು ಅಲ್ಬುಮಿನ್, ಇದು ಆಕ್ಟಿನ್" ಅಂತ ಹೇಳುವುದು ಸಾಫ್ಟ್‌ವೇರ್.

ಈ ಸಾಫ್ಟ್‌ವೇರ್‌ಗೆ ಒಂದು ಕೆಟ್ಟ ಚಾಳಿ ಇದೆ. ಅದು ಯಾವತ್ತೂ "ಗೊತ್ತಿಲ್ಲ" ಅನ್ನುವುದಿಲ್ಲ. ಕಸದಂಥ ಸ್ಪೆಕ್ಟ್ರಮ್ ಕೊಟ್ಟರೂ ಯಾವುದೋ ಒಂದು ಹೆಸರು ಹೇಳಿಯೇ ಹೇಳುತ್ತದೆ. ದಾರಿ ಕೇಳಿದವರಿಗೆ ಗೊತ್ತಿಲ್ಲದಿದ್ದರೂ "ಹೀಗೆ ನೇರ ಹೋಗಿ" ಅನ್ನುವವರು ಇರುತ್ತಾರಲ್ಲ, ಹಾಗೆ. ಯಾವಾಗ ನಂಬಬೇಕು, ಯಾವಾಗ ಬೇಡ ಅಂತ ತಿಳಿಯುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ ಅಂದರೆ ಸಣ್ಣದೊಂದು ಹುಡುಕಾಟದ ಪ್ರೋಗ್ರಾಂ ನೀವೇ ಬರೆಯುವುದು. ದಿನದ ಕೆಲಸಕ್ಕೆ ಮ್ಯಾಕ್ಸ್‌ಕ್ವಾಂಟ್, ಫ್ರಾಗ್‌ಪೈಪ್, ಕಾಮೆಟ್ ಎಲ್ಲ ಇವೆ, ಅವನ್ನೇ ಬಳಸಿ. ನಾವು ಇಲ್ಲಿ ಬರೆಯುವುದು ಅವುಗಳ ಹೊಟ್ಟೆಯೊಳಗೆ ಏನು ನಡೆಯುತ್ತದೆ ಅಂತ ನೋಡುವುದಕ್ಕೆ.

ಪೈಥಾನ್ ಸ್ವಲ್ಪ ಬಂದರೆ ಸಾಕು. ಯಂತ್ರ ನಿಮ್ಮ ಕೈಗೆ ಸಿಗದಿದ್ದರೂ ಚಿಂತೆ ಇಲ್ಲ. ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರುವ ಇಬಿಐ ಸಂಸ್ಥೆಯ ಪ್ರೈಡ್ ಸಂಗ್ರಹದಲ್ಲಿ ಬೇರೆಯವರ ಡೇಟಾ ಉಚಿತವಾಗಿ ಸಿಗುತ್ತದೆ. ಅಂಥವರು ಮೊದಲ ಮೂರು ಹಂತ ಸುಮ್ನೆ ಓದಿಕೊಂಡು ನಾಲ್ಕನೆಯದರಿಂದ ಕೈ ಹಾಕಬಹುದು.

ಹಂತ 1: ಉತ್ತರ ಗೊತ್ತಿರುವ ಸ್ಯಾಂಪಲ್

ಹೊಸಬರು ನೇರವಾಗಿ ಟ್ಯೂಮರ್ ಸ್ಯಾಂಪಲ್‌ಗೆ ಕೈ ಹಾಕುತ್ತಾರೆ. ಬೇಡ. ಮೊದಲು ಬಿಎಸ್‌ಎ ತೆಗೆದುಕೊಳ್ಳಿ, ಅಂದರೆ ಹಸುವಿನ ರಕ್ತದ ಅಲ್ಬುಮಿನ್. ಯಾವ ಬಯೋಕೆಮಿಸ್ಟ್ರಿ ಲ್ಯಾಬಿನ ಫ್ರಿಜ್ ತೆಗೆದರೂ ಒಂದು ಡಬ್ಬಿ ಸಿಗುತ್ತದೆ. 583 ಅಮೈನೋ ಆಮ್ಲ, ಸುಮಾರು 66 ಕಿಲೋಡಾಲ್ಟನ್ ತೂಕ (ಡಾಲ್ಟನ್ ಅಂದರೆ ಅಣುಗಳನ್ನು ತೂಗುವ ಮಾನ). ಅದರಲ್ಲಿ 35 ಸಿಸ್ಟೀನ್‌ಗಳಿವೆ, ಹಾಗಾಗಿ ಕೆಮಿಸ್ಟ್ರಿ ಸರಿಯಾಗಿ ಆಗಿದೆಯೋ ಇಲ್ಲವೋ ಅಂತ ಚೆನ್ನಾಗಿ ಗೊತ್ತಾಗುತ್ತದೆ.

ಎರಡನೆಯ ಸ್ಯಾಂಪಲ್ ಯೀಸ್ಟ್ ಆಗಿರಲಿ. ಸುಮಾರು 6,000 ಪ್ರೋಟೀನ್‌ಗಳ ಜೀವಿ ಅದು. ಮನುಷ್ಯನ ಸುಮಾರು 20,000ಕ್ಕೆ ಹೋಲಿಸಿದರೆ ಚಿಕ್ಕ ಸಂಸಾರ. ಬಿಎಸ್‌ಎಯಲ್ಲಿ ನಿಮ್ಮ ಪ್ರೋಗ್ರಾಂ ಓಡುತ್ತದೆಯಾ ಅಂತ ನೋಡಿ, ಯೀಸ್ಟ್‌ನಲ್ಲಿ ಅದು ಸುಳ್ಳು ಹೇಳುತ್ತದೆಯಾ ಅಂತ ನೋಡಿ.

ಹಂತ 2: ಕತ್ತರಿಸುವುದು

ಇಡೀ ಪ್ರೋಟೀನನ್ನು ಹಾಗೇ ತೂಗಬಹುದು, ಆದರೆ ಕಷ್ಟ ಜಾಸ್ತಿ. ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಚೂರು ಮಾಡಿಕೊಂಡರೆ ಕೆಲಸ ಸುಲಭ. ಈ ಚೂರುಗಳೇ ಪೆಪ್ಟೈಡ್. ಟ್ರಿಪ್ಸಿನ್ ಮನಬಂದಂತೆ ಕತ್ತರಿಸುವುದಿಲ್ಲ. ಲೈಸಿನ್ ಅಥವಾ ಅರ್ಜಿನಿನ್ ಆದ ಮೇಲೆ ಮಾತ್ರ ಕತ್ತರಿ. ಮುಂದೆ ಪ್ರೋಲಿನ್ ಇದ್ದರೆ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಈ ಶಿಸ್ತೇ ನಮಗೆ ವರ, ಆಮೇಲೆ ಇದನ್ನೇ ಸಾಫ್ಟ್‌ವೇರ್‌ನಲ್ಲಿ ನಕಲು ಮಾಡುತ್ತೇವೆ.

ನಾನು ಮಾಡುವ ಕ್ರಮ ಹೀಗಿದೆ. 50 ಮೈಕ್ರೋಗ್ರಾಂ ಬಿಎಸ್‌ಎಯನ್ನು 50 ಮಿಲಿಮೋಲಾರ್ ಅಮೋನಿಯಂ ಬೈಕಾರ್ಬನೇಟ್‌ನಲ್ಲಿ ಕರಗಿಸಿ. ಡಿಟಿಟಿ ಹಾಕಿ, ಕೊನೆಯ ಪ್ರಮಾಣ 10 ಮಿಲಿಮೋಲಾರ್ ಆಗಲಿ. 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಸಿಸ್ಟೀನ್‌ಗಳ ನಡುವಿನ ಗಂಟು ಬಿಚ್ಚಿಕೊಳ್ಳುತ್ತದೆ. ತಣ್ಣಗಾದ ಮೇಲೆ ಅಯೋಡೋಅಸಿಟಮೈಡ್, 20 ಮಿಲಿಮೋಲಾರ್, ಕತ್ತಲಲ್ಲಿ ಅರ್ಧ ಗಂಟೆ. ಇದಕ್ಕೆ ಬೆಳಕು ಆಗಿಬರುವುದಿಲ್ಲ, ಆಗಿಂದಾಗಲೇ ಕರಗಿಸಿಕೊಳ್ಳಬೇಕು. ಬಿಚ್ಚಿದ ಗಂಟು ಮತ್ತೆ ಬಿಗಿಯದ ಹಾಗೆ ಇದು ಪ್ರತಿ ಸಿಸ್ಟೀನ್‌ಗೂ ಒಂದು ಟೋಪಿ ಹಾಕುತ್ತದೆ. ಉಳಿದಿದ್ದನ್ನು ಸುಮ್ಮನಾಗಿಸಲು ಇನ್ನೊಂದು ಚೂರು ಡಿಟಿಟಿ. ಆಮೇಲೆ 1 ಮೈಕ್ರೋಗ್ರಾಂ ಟ್ರಿಪ್ಸಿನ್, 37 ಡಿಗ್ರಿ, ರಾತ್ರಿಯಿಡೀ. ಬೆಳಗ್ಗೆ ಫಾರ್ಮಿಕ್ ಆಸಿಡ್ ಹಾಕಿ ಪಿಎಚ್ 3ಕ್ಕಿಂತ ಕೆಳಗೆ ಇಳಿಸಿದರೆ ಟ್ರಿಪ್ಸಿನ್ ಕೆಲಸ ನಿಲ್ಲಿಸುತ್ತದೆ. ಸಿ18 ಟಿಪ್‌ನಲ್ಲಿ ಉಪ್ಪು ತೊಳೆದು, ಒಣಗಿಸಿ, 0.1 ಶೇಕಡ ಫಾರ್ಮಿಕ್ ಆಸಿಡ್‌ನಲ್ಲಿ ಕರಗಿಸಿಡಿ.

ಆ ಟೋಪಿಯ ತೂಕ 57.02146 ಡಾಲ್ಟನ್. ಈ ಸಂಖ್ಯೆಯನ್ನು ಗೋಡೆಗೆ ಅಂಟಿಸಿಡಿ. ಯಾಕೆಂದರೆ ಗ್ಲೈಸಿನ್ ಎಂಬ ಅಮೈನೋ ಆಮ್ಲದ ತೂಕವೂ ಅಷ್ಟೇ! ಎರಡರಲ್ಲೂ ಇರುವ ಪರಮಾಣುಗಳೂ ಅವೇ. ಬೇರೆ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುವ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್ ಎಲ್ಲಿ ಅಂಟಿದೆ ಅಂತ ಹುಡುಕುವವರಿಗೆ ಇದು ಗುಂಡಿ. ಟ್ರಿಪ್ಸಿನ್ ಕತ್ತರಿಸಿದ ಮೇಲೆ ಯುಬಿಕ್ವಿಟಿನ್ ಲೈಸಿನ್ ಮೇಲೆ ಎರಡು ಗ್ಲೈಸಿನ್ ಬಿಟ್ಟು ಹೋಗುತ್ತದೆ, ಅಂದರೆ 114.0429. ಅಯೋಡೋಅಸಿಟಮೈಡ್ ಜಾಸ್ತಿಯಾಗಿ ಲೈಸಿನ್‌ಗೂ ಎರಡು ಟೋಪಿ ಹಾಕಿಬಿಟ್ಟರೆ ಅದೂ 114.0429. ಎಂಥ ದುಬಾರಿ ಯಂತ್ರಕ್ಕೂ ಈ ಎರಡರ ತೂಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೇ ಆ ಕೆಲಸ ಮಾಡುವವರು ಕ್ಲೋರೋಅಸಿಟಮೈಡ್ ಬಳಸುತ್ತಾರೆ. ನೋಡಿ, ಸಾಫ್ಟ್‌ವೇರ್‌ನ ತಪ್ಪು ಅಂತ ನಾವು ಅಂದುಕೊಳ್ಳುವುದು ಎಷ್ಟೋ ಸಲ ಟ್ಯೂಬ್‌ನಲ್ಲೇ ಶುರುವಾಗಿರುತ್ತದೆ.

ಇನ್ನೆರಡು ಎಚ್ಚರಿಕೆ. ಯೂರಿಯಾ ಬಳಸಿದ್ದರೆ ಬಿಸಿ ಮಾಡಬೇಡಿ. ಅದು ಒಡೆದು ಪೆಪ್ಟೈಡ್‌ಗೆ 43.0058 ಡಾಲ್ಟನ್ ಅಂಟಿಸುತ್ತದೆ. ಟ್ರೈಟಾನ್, ಟ್ವೀನ್ ಥರದ ಡಿಟರ್ಜೆಂಟ್ ಹತ್ತಿರವೂ ಸುಳಿಯದಿರಲಿ. ಸ್ಪೆಕ್ಟ್ರಮ್‌ನಲ್ಲಿ 44.026 ಅಂತರದ ಪೀಕ್‌ಗಳು ಏಣಿ ಮೆಟ್ಟಿಲಿನ ಹಾಗೆ ಸಾಲಾಗಿ ನಿಂತರೆ ಅವತ್ತಿನ ಓಟ ಹೋಯಿತು ಅಂತಲೇ ಅರ್ಥ. ಯಂತ್ರಕ್ಕೆ ಹೋಗುವ ಮುಂಚೆ ಪೆಪ್ಟೈಡ್‌ಗಳನ್ನು ಬೇರ್ಪಡಿಸುವ ಕಾಲಂ ತೊಳೆಯುವುದರಲ್ಲಿ ಮರುದಿನವೂ ಹೋಗುತ್ತದೆ.

ಮತ್ತೆ ಕೆರಾಟಿನ್. ಕೂದಲು, ಚರ್ಮದ ಹೊಟ್ಟು, ಧೂಳು, ಎಲ್ಲದರಲ್ಲೂ ಕೆರಾಟಿನ್ ಇದೆ. ಎಸಿ ಜಾಸ್ತಿ ಇದ್ದ ಲ್ಯಾಬಿನಲ್ಲಿ ಉಣ್ಣೆ ಸ್ವೆಟರ್ ಹಾಕಿಕೊಂಡು ನಾನು ಮಾಡಿದ ಮೊದಲ ಬಿಎಸ್‌ಎಯಲ್ಲಿ ಮನುಷ್ಯನ ಕೆರಾಟಿನ್ ಜೊತೆ ಕುರಿಯ ಕೆರಾಟಿನ್ನೂ ಬಂತು. ಗ್ಲೋವ್ಸ್ ಹಾಕಿದ ಕೈಯಲ್ಲೇ ಮೂಗು ಉಜ್ಜಿಕೊಂಡರೆ ಗ್ಲೋವ್ಸ್‌ಗೆ ಅರ್ಥವಿಲ್ಲ.

ಹಂತ 3: ಯಂತ್ರದ ಸೆಟ್ಟಿಂಗ್

ಪೆಪ್ಟೈಡ್‌ಗಳನ್ನು ಒಡೆಯದೆ ಹಾಗೇ ಚಾರ್ಜ್ ಕೊಟ್ಟು ಗಾಳಿಗೆ ಹಾರಿಸುವ ಉಪಾಯಕ್ಕೆ ಎಲೆಕ್ಟ್ರೋಸ್ಪ್ರೇ ಅಂತ ಹೆಸರು. ಅದಕ್ಕಾಗಿಯೇ ಜಾನ್ ಫೆನ್ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅಲೆಕ್ಸಾಂಡರ್ ಮಕರೋವ್ ರೂಪಿಸಿದ ಆರ್ಬಿಟ್ರ್ಯಾಪ್ ಎಂಬ ಮಾಸ್ ಸ್ಪೆಕ್ಟ್ರೋಮೀಟರ್ 2005ರಲ್ಲಿ ಮಾರುಕಟ್ಟೆಗೆ ಬಂತು. ಅಲ್ಲಿಂದ ದಶಮಾಂಶದ ಮೂರನೆಯ ಸ್ಥಾನದ ತನಕ ನಂಬಬಹುದಾದ ತೂಕ ಮಾಮೂಲಿ ಲ್ಯಾಬುಗಳಿಗೂ ಸಿಗತೊಡಗಿತು.

ಆರ್ಬಿಟ್ರ್ಯಾಪ್ ಆದರೆ ಹೀಗೆ ಶುರು ಮಾಡಿ: ಮೊದಲ ಸ್ಕ್ಯಾನ್ 350ರಿಂದ 1500, ರೆಸಲ್ಯೂಶನ್ 60,000. ಅದರಲ್ಲಿ ಅತಿ ಎತ್ತರದ 15 ಪೀಕ್ ಆರಿಸಿ ಒಂದೊಂದನ್ನೇ ಒಡೆದು, ಆ ಚೂರುಗಳನ್ನು ಮತ್ತೆ ತೂಗಲಿ. ಒಡೆಯುವ ಶಕ್ತಿ 28ರ ಆಸುಪಾಸು. ಚಾರ್ಜ್ 1 ಇರುವುದನ್ನು ಬಿಡಲಿ, ಅದರಲ್ಲಿ ಕಸವೇ ಹೆಚ್ಚು. ಒಮ್ಮೆ ಒಡೆದದ್ದನ್ನು 30 ಸೆಕೆಂಡ್ ಮುಟ್ಟದಿರಲಿ, ಇಲ್ಲದಿದ್ದರೆ ಒಂದೇ ದೊಡ್ಡ ಪೆಪ್ಟೈಡ್ ಮೇಲೆ ಇಡೀ ಸಮಯ ಹೋಗುತ್ತದೆ. ಬಿಎಸ್‌ಎಗೆ 30 ನಿಮಿಷದ ಓಟ ಸಾಕು, ಯೀಸ್ಟ್‌ಗೆ 90 ಕೊಡಿ. ಮಿಕ್ಕಿದ್ದನ್ನು ಯಂತ್ರ ನೋಡಿಕೊಳ್ಳುವವರ ಹತ್ತಿರ ಕೇಳಿ. ಅವರ ಜೊತೆ ಚೆನ್ನಾಗಿರುವುದೂ ಈ ಹಂತದ ಭಾಗವೇ.

ಹಂತ 4: ಫೈಲ್ ಬಿಚ್ಚುವುದು

ಪ್ರತಿ ಕಂಪನಿಯ ಫೈಲ್‌ಗೂ ಅದರದೇ ಬೀಗ. ಪ್ರೋಟಿಯೋವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರ್‌ನ ಎಂಎಸ್‌ಕನ್ವರ್ಟ್ ಅದನ್ನು ಎಂಝಡ್‌ಎಂಎಲ್ ಎಂಬ ಎಲ್ಲರೂ ಓದಬಹುದಾದ ರೂಪಕ್ಕೆ ತರುತ್ತದೆ. ತರುವಾಗ ಪೀಕ್ ಪಿಕಿಂಗ್ ಆಯ್ಕೆ ಹಾಕುವುದನ್ನು ಮರೆಯಬೇಡಿ. ಹಾಕದಿದ್ದರೆ ಪ್ರತಿ ಪೀಕ್ ಗುಡ್ಡದ ಹಾಗೆ ಹತ್ತಾರು ಚುಕ್ಕಿಯಾಗಿ ಬರುತ್ತದೆ, ನಿಮ್ಮ ಪ್ರೋಗ್ರಾಂ ಒಂದನ್ನೇ ಹತ್ತು ಸಲ ಎಣಿಸುತ್ತದೆ. ಓದುವುದಕ್ಕೆ ಪೈಥಾನ್‌ನಲ್ಲಿ ಪೈಟಿಯೋಮಿಕ್ಸ್ ಅಥವಾ ಪೈಓಪನ್‌ಎಂಎಸ್ ಇದೆ.

ಹುಡುಕಾಟಕ್ಕೆ ಮೊದಲು ಎಣಿಸಿ. ಒಡೆದ ಸ್ಪೆಕ್ಟ್ರಮ್ ಎಷ್ಟು? ಚಾರ್ಜ್ 2 ಎಷ್ಟು, 3 ಎಷ್ಟು? ಟ್ರಿಪ್ಸಿನ್ ಪೆಪ್ಟೈಡ್‌ಗಳಲ್ಲಿ ಚಾರ್ಜ್ 2 ಹೆಚ್ಚಿರಬೇಕು, 3 ಅದರ ಹಿಂದೆ. ಒಂದು ಹತ್ತು ಸ್ಪೆಕ್ಟ್ರಮ್ ಚಿತ್ರ ಬಿಡಿಸಿ ಕಣ್ಣಲ್ಲೇ ನೋಡಿ. ಇದನ್ನು ಬೋರು ಅಂತ ಬಿಟ್ಟವರು ಆಮೇಲೆ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದನ್ನು ನೋಡಿದ್ದೇನೆ.

ಹಂತ 5: ಮೊದಲು ಕಾಗದದ ಮೇಲೆ ಒಂದು ಲೆಕ್ಕ

ಕೋಡ್ ಬರೆಯುವ ಮುಂಚೆ ಒಂದು ಪೆಪ್ಟೈಡನ್ನು ಪೆನ್ನು ಹಿಡಿದು ಮಾಡಿ. ಬಿಎಸ್‌ಎಯಲ್ಲಿ ಹತ್ತು ಅಕ್ಷರದ ಒಂದು ಪ್ರಸಿದ್ಧ ಪೆಪ್ಟೈಡ್ ಇದೆ: ಎಲ್, ವಿ, ಎನ್, ಇ, ಎಲ್, ಟಿ, ಇ, ಎಫ್, ಎ, ಕೆ. ಒಂದೊಂದು ಅಕ್ಷರವೂ ಒಂದು ಅಮೈನೋ ಆಮ್ಲ. ತೂಕಗಳು:

ಎಲ್ 113.08406
ವಿ 99.06841
ಎನ್ 114.04293
ಇ 129.04259
ಟಿ 101.04768
ಎಫ್ 147.06841
ಎ 71.03711
ಕೆ 128.09496

ಎಲ್ ಎರಡು ಸಲ, ಇ ಎರಡು ಸಲ ಬರುತ್ತದೆ ಅನ್ನುವುದು ನೆನಪಿರಲಿ. ಎಲ್ಲ ಕೂಡಿಸಿದರೆ 1144.61280. ಎರಡು ತುದಿಗೆ ಸೇರಿ ಒಂದು ನೀರಿನ ಅಣು, 18.01056. ಒಟ್ಟು 1162.62336. ಇದು ಚಾರ್ಜ್ ಇಲ್ಲದ ಪೆಪ್ಟೈಡ್‌ನ ತೂಕ. ಚಾರ್ಜ್ 2 ಅಂದರೆ ಎರಡು ಪ್ರೋಟಾನ್ ಸೇರಿಸಿ, ಒಂದರ ತೂಕ 1.00728, ಆಮೇಲೆ ಎರಡರಿಂದ ಭಾಗಿಸಿ. ಬರುವುದು 582.3190. ಈಗ ನಿಮ್ಮ ಬಿಎಸ್‌ಎ ಫೈಲ್ ತೆಗೆದು 582.319 ಹುಡುಕಿ. ಸಿಗುತ್ತದೆ. ಅದರ ಪಕ್ಕದಲ್ಲೇ 0.5017 ಅಂತರದಲ್ಲಿ ಇನ್ನೊಂದು, ಮತ್ತೊಂದು ಪೀಕ್ ಇರುತ್ತವೆ. ಒಂದು ಇಂಗಾಲದ ಪರಮಾಣು ಸಾಮಾನ್ಯಕ್ಕಿಂತ ಭಾರದ್ದಾಗಿದ್ದರೆ ತೂಕ 1.00335 ಏರುತ್ತದೆ, ಚಾರ್ಜ್ 2 ಆದ್ದರಿಂದ ಅದರ ಅರ್ಧ ಕಾಣುತ್ತದೆ. ಚಾರ್ಜ್ ಎಷ್ಟು ಅಂತ ಯಂತ್ರ ಕಂಡುಹಿಡಿಯುವುದೂ ಈ ಅಂತರ ನೋಡಿಯೇ.

ಇನ್ನು ಒಡೆದ ಚೂರುಗಳು. ಪೆಪ್ಟೈಡ್ ಸಾಮಾನ್ಯವಾಗಿ ಎರಡು ಅಮೈನೋ ಆಮ್ಲಗಳ ನಡುವಿನ ಕೊಂಡಿಯಲ್ಲಿ ಮುರಿಯುತ್ತದೆ. ಎಡಗಡೆಯ ಚೂರಿಗೆ ಬಿ ಅಯಾನು, ಬಲಗಡೆಯದಕ್ಕೆ ವೈ ಅಯಾನು ಅನ್ನುತ್ತಾರೆ. ಬಲತುದಿಯ ಕೆ ಒಂದೇ ಉಳಿದರೆ: 128.09496, ನೀರು, ಒಂದು ಪ್ರೋಟಾನ್, ಒಟ್ಟು 147.1128. ಇದು ವೈ1. ಅದಕ್ಕೆ ಎ ಸೇರಿಸಿ, 218.1499. ಎಫ್ ಸೇರಿಸಿ, 365.2183. ಇ ಸೇರಿಸಿ, 494.2609. ಟಿ, 595.3086. ಎಲ್, 708.3927. ಹೀಗೆ ಮೆಟ್ಟಿಲು ಹತ್ತುತ್ತಾ ಹೋಗಿ. ಎಡಗಡೆಯಿಂದ ಬಿ ಅಯಾನುಗಳಿಗೆ ನೀರು ಸೇರಿಸುವ ಹಾಗಿಲ್ಲ, ಪ್ರೋಟಾನ್ ಮಾತ್ರ. ಬಿ2 ಅಂದರೆ ಎಲ್ ಮತ್ತು ವಿ, 213.1598.

ಸ್ಪೆಕ್ಟ್ರಮ್ ಚಿತ್ರದ ಮೇಲೆ ಈ ಸಂಖ್ಯೆಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಿ. ಒಂದೊಂದೇ ಪೀಕ್ ತನ್ನ ಜಾಗದಲ್ಲಿ ಕೂತಿರುವುದು ಕಾಣುವಾಗ ಒಂದು ಖುಷಿ ಆಗುತ್ತದೆ, ಅದನ್ನು ಬಿಡಬೇಡಿ. ಈ ಸಂಖ್ಯೆಗಳೇ ನಿಮ್ಮ ಪ್ರೋಗ್ರಾಂನ ಮೊದಲ ಪರೀಕ್ಷೆ ಕೂಡ. ಕೋಡ್ ಬರೆದಾಗ 582.3190 ಮತ್ತು 708.3927 ಬರದಿದ್ದರೆ ಮುಂದಕ್ಕೆ ಹೋಗಬೇಡಿ. ಹತ್ತಕ್ಕೆ ಒಂಬತ್ತು ಸಲ ನೀರು ಮರೆತಿರುತ್ತೀರಿ ಅಥವಾ ಪ್ರೋಟಾನ್ ಎರಡು ಸಲ ಸೇರಿಸಿರುತ್ತೀರಿ.

ಹಂತ 6: ಡೇಟಾಬೇಸನ್ನೂ ಕತ್ತರಿಸಿ

ಯುನಿಪ್ರಾಟ್ ಎಂಬ ಪ್ರೋಟೀನ್ ಡೇಟಾಬೇಸ್‌ನಿಂದ ಯೀಸ್ಟ್‌ನ ಪ್ರೋಟೀನ್ ಪಟ್ಟಿ ಇಳಿಸಿಕೊಳ್ಳಿ. ಅದರ ಜೊತೆ ಬಿಎಸ್‌ಎ, ಟ್ರಿಪ್ಸಿನ್, ಕೆರಾಟಿನ್‌ಗಳಿರುವ ಕಲಬೆರಕೆ ಪಟ್ಟಿಯನ್ನೂ ಸೇರಿಸಿ. ಇದನ್ನು ಸೇರಿಸದಿದ್ದರೆ ಕೆರಾಟಿನ್ ಸ್ಪೆಕ್ಟ್ರಮ್‌ಗೂ ಪ್ರೋಗ್ರಾಂ ಯಾವುದೋ ಯೀಸ್ಟ್ ಹೆಸರು ಹುಡುಕಿ ಕೊಡುತ್ತದೆ. ಹೇಳಿದೆನಲ್ಲ, ಅದು ಗೊತ್ತಿಲ್ಲ ಅನ್ನುವುದಿಲ್ಲ.

ಈಗ ಟ್ರಿಪ್ಸಿನ್ ನಿಯಮವನ್ನು ಕೋಡ್‌ನಲ್ಲಿ ಬರೆಯಿರಿ. ಕೆ (ಲೈಸಿನ್) ಅಥವಾ ಆರ್ (ಅರ್ಜಿನಿನ್) ಆದ ಮೇಲೆ ಕತ್ತರಿಸು, ಮುಂದೆ ಪಿ (ಪ್ರೋಲಿನ್) ಇದ್ದರೆ ಬಿಡು. ಟ್ರಿಪ್ಸಿನ್ ಕೆಲವು ಜಾಗ ತಪ್ಪಿಸುತ್ತದೆ, ಹಾಗಾಗಿ ಎರಡು ತಪ್ಪಿದ ಜಾಗಗಳ ತನಕ ಬಿಡಿ. 7 ಅಕ್ಷರಕ್ಕಿಂತ ಚಿಕ್ಕದು ಬೇಡ, ಅಂಥವು ಹಲವು ಪ್ರೋಟೀನ್‌ಗಳಲ್ಲಿ ಹಾಗೇ ಸಿಗುತ್ತವೆ. 30ಕ್ಕಿಂತ ಉದ್ದದ್ದೂ ಸದ್ಯಕ್ಕೆ ಬೇಡ. ಎಲ್ ಮತ್ತು ಐ ತೂಕದಲ್ಲಿ ಒಂದೇ, ಎರಡನ್ನೂ ಒಂದೇ ಅಕ್ಷರ ಅಂತ ಎಣಿಸಿ. ಪ್ರತಿ ಸಿಸ್ಟೀನ್‌ಗೂ 57.02146 ಸೇರಿಸಿಬಿಡಿ. ಮೆಥಿಯೋನಿನ್‌ಗೆ ಆಮ್ಲಜನಕ ಅಂಟಿದ್ದರೆ 15.99491, ಇಲ್ಲದಿದ್ದರೆ ಇಲ್ಲ, ಎರಡೂ ಸಾಧ್ಯತೆ ಇಟ್ಟುಕೊಳ್ಳಿ.

ಇಲ್ಲಿಗೆ ನಿಲ್ಲಿಸಿ. ಇನ್ನೊಂದು ಮಾರ್ಪಾಡು ಸೇರಿಸೋಣ, ಮತ್ತೊಂದು ಸೇರಿಸೋಣ ಅನ್ನಿಸುತ್ತದೆ. ಪ್ರತಿಯೊಂದೂ ಪಟ್ಟಿಯನ್ನು ದೊಡ್ಡದು ಮಾಡುತ್ತದೆ, ಸುಳ್ಳು ಹೊಂದಾಣಿಕೆಗೆ ಜಾಗ ಮಾಡಿಕೊಡುತ್ತದೆ.

ಪಟ್ಟಿಯನ್ನು ತೂಕದ ಪ್ರಕಾರ ಜೋಡಿಸಿಡಿ. ನಿಘಂಟಿನಲ್ಲಿ ಪದ ಹುಡುಕುವಾಗ ಮೊದಲ ಪುಟದಿಂದ ಓದುವುದಿಲ್ಲ ಅಲ್ವಾ, ನಡುವೆ ತೆಗೆದು ಹಿಂದೆ ಮುಂದೆ ಹೋಗುತ್ತೇವೆ. ಅದೇ ಕ್ರಮ ಇಲ್ಲಿ.

ಹಂತ 7: ಹೊಂದಿಸಿ ಅಂಕ ಕೊಡುವುದು

ಒಂದು ಸ್ಪೆಕ್ಟ್ರಮ್ ತೆಗೆದುಕೊಳ್ಳಿ. ಅದರ ಪೆಪ್ಟೈಡ್ ತೂಕದಿಂದ ಹಿಂದೆ ಮುಂದೆ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು) ಒಳಗಿರುವ ಎಲ್ಲ ಪೆಪ್ಟೈಡ್‌ಗಳನ್ನು ಪಟ್ಟಿಯಿಂದ ಎತ್ತಿ. 582.319ರಲ್ಲಿ 10 ಪಿಪಿಎಂ ಅಂದರೆ ಬರೀ 0.0058.

ಈ ಕಿಟಕಿ ಎಷ್ಟು ಅಗಲ ಇರಬೇಕು ಅನ್ನುವುದು ಸಣ್ಣ ವಿಷಯ ಅಲ್ಲ. ಅಸ್ಪರಾಜಿನ್ ಕೆಲವೊಮ್ಮೆ ಅಮೋನಿಯಾ ಕಳೆದುಕೊಂಡು, ನೀರು ಸೇರಿಸಿಕೊಂಡು ಬದಲಾಗುತ್ತದೆ, ಆಗ ತೂಕ 0.98402 ಏರುತ್ತದೆ. ಭಾರದ ಇಂಗಾಲ ಒಂದಿದ್ದರೆ ಏರುವುದು 1.00335. ನಡುವಿನ ವ್ಯತ್ಯಾಸ 0.0193. ನಮ್ಮ 1162 ಡಾಲ್ಟನ್ ಪೆಪ್ಟೈಡ್‌ಗೆ ಅದು ಸುಮಾರು 17 ಪಿಪಿಎಂ. ಕಿಟಕಿ 20 ಪಿಪಿಎಂ ಇಟ್ಟು, ಆ ಬದಲಾವಣೆಯನ್ನೂ ಹುಡುಕಿದರೆ, ಯಂತ್ರ ತಪ್ಪಿ ಎರಡನೆಯ ಪೀಕ್ ಆರಿಸಿದಾಗಲೆಲ್ಲ ಪ್ರೋಗ್ರಾಂ "ಅಸ್ಪರಾಜಿನ್ ಬದಲಾಗಿದೆ" ಅಂತ ವರದಿ ಕೊಡುತ್ತದೆ. ವಯಸ್ಸಾದ ಪ್ರೋಟೀನ್‌ಗಳ ಬಗ್ಗೆ ಲೇಖನ ಬರೆಯಲು ಹೊರಟವರು ಇಲ್ಲಿ ಜಾರುತ್ತಾರೆ.

ಎತ್ತಿದ ಪ್ರತಿ ಪೆಪ್ಟೈಡ್‌ಗೂ ಬಿ ಮತ್ತು ವೈ ಪಟ್ಟಿ ಮಾಡಿ, ಸ್ಪೆಕ್ಟ್ರಮ್‌ನಲ್ಲಿ ಎಷ್ಟು ಸಿಕ್ಕವು ಎಣಿಸಿ. ಸ್ಪೆಕ್ಟ್ರಮ್‌ನ ಅತಿ ಎತ್ತರದ 100 ಪೀಕ್ ಸಾಕು, ಉಳಿದದ್ದು ಗಲಾಟೆ. ಅಂಕಕ್ಕೆ ಹಲವು ಸೂತ್ರಗಳಿವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಜಿಮ್ಮಿ ಎಂಗ್, ಜಾನ್ ಯೇಟ್ಸ್ ಮತ್ತವರ ಸಂಗಡಿಗರು 1994ರಲ್ಲಿ ಪ್ರಕಟಿಸಿದ ಸೀಕ್ವೆಸ್ಟ್ ಎಂಬ ಪ್ರೋಗ್ರಾಂ ಈ ಕೆಲಸಕ್ಕೆ ದಾರಿ ಮಾಡಿತು. ನಾವು ಎಕ್ಸ್ ಟ್ಯಾಂಡೆಮ್ ಎಂಬ ಇನ್ನೊಂದು ಪ್ರೋಗ್ರಾಂನ ಸೂತ್ರ ತೆಗೆದುಕೊಳ್ಳೋಣ, ಬರೆಯುವುದು ಸುಲಭ. ಹೊಂದಿದ ಪೀಕ್‌ಗಳ ಎತ್ತರ ಕೂಡಿಸಿ. ಹೊಂದಿದ ಬಿ ಎಷ್ಟೋ ಅದರ ಫ್ಯಾಕ್ಟೋರಿಯಲ್‌ನಿಂದ ಗುಣಿಸಿ, ವೈ ಎಷ್ಟೋ ಅದರ ಫ್ಯಾಕ್ಟೋರಿಯಲ್‌ನಿಂದ ಗುಣಿಸಿ, ಲಾಗ್ ತೆಗೆಯಿರಿ. ಫ್ಯಾಕ್ಟೋರಿಯಲ್ ಯಾಕೆ ಅಂದರೆ, ಎಂಟು ವೈ ಸಾಲಾಗಿ ಸಿಗುವುದು ನಾಲ್ಕು ಸಿಗುವುದಕ್ಕಿಂತ ಎರಡು ಪಟ್ಟು ಅಲ್ಲ, ಎಷ್ಟೋ ಪಟ್ಟು ಹೆಚ್ಚು ನಂಬಿಕೆಯ ಮಾತು. ಅತಿ ಹೆಚ್ಚು ಅಂಕದ ಹೆಸರನ್ನು ಇಟ್ಟುಕೊಳ್ಳಿ.

ಬಿಎಸ್‌ಎ ಮೇಲೆ ಓಡಿಸಿ. ಒಳ್ಳೆಯ ಅಂಕದ ನೂರು ಹೊಂದಾಣಿಕೆ ತೆಗೆದು, ಅಳೆದ ತೂಕಕ್ಕೂ ಲೆಕ್ಕದ ತೂಕಕ್ಕೂ ಎಷ್ಟು ಪಿಪಿಎಂ ವ್ಯತ್ಯಾಸ ಅಂತ ನೋಡಿ. ಎಲ್ಲವೂ 4ರ ಸುತ್ತ ಗುಂಪಾಗಿದ್ದರೆ ಯಂತ್ರ 4 ಪಿಪಿಎಂ ಸರಿದಿದೆ ಅಂತ. ಅಷ್ಟನ್ನು ಎಲ್ಲ ತೂಕದಿಂದಲೂ ಕಳೆದು, ಕಿಟಕಿ 5ಕ್ಕೆ ಇಳಿಸಿ ಮತ್ತೆ ಓಡಿಸಿ.

ಹಂತ 8: ಸುಳ್ಳುಪಟ್ಟಿ

ಈಗ ಯೀಸ್ಟ್ ಫೈಲ್ ಓಡಿಸಿ. ಪ್ರತಿ ಸ್ಪೆಕ್ಟ್ರಮ್‌ಗೂ ಒಂದು ಹೆಸರು, ಒಂದು ಅಂಕ ಬಂತು. ಎಷ್ಟು ಅಂಕದ ಮೇಲೆ ನಂಬುವುದು?

ಉಪಾಯ ಸರಳ. ಲೋಕದಲ್ಲಿ ಇಲ್ಲದ ಪೆಪ್ಟೈಡ್‌ಗಳ ಒಂದು ಪಟ್ಟಿ ಮಾಡಿ, ನಿಜವಾದ ಪಟ್ಟಿಯ ಜೊತೆ ಬೆರೆಸಿಡಿ. ಇವುಗಳಿಗೆ ಡಿಕಾಯ್ ಅಂತ ಹೆಸರು. ಡಿಕಾಯ್ ಗೆದ್ದಾಗಲೆಲ್ಲ ಪ್ರೋಗ್ರಾಂ ಸುಳ್ಳು ಹೇಳಿದೆ ಅಂತ ಖಚಿತ. ಸುಳ್ಳು ಹೊಂದಾಣಿಕೆ ನಿಜ ಪಟ್ಟಿಯ ಮೇಲೂ ಡಿಕಾಯ್ ಪಟ್ಟಿಯ ಮೇಲೂ ಸಮನಾಗಿ ಬೀಳುತ್ತದೆ ಅನ್ನುವುದು ಲೆಕ್ಕ. ಹಾಗಾಗಿ ಒಂದು ಅಂಕದ ಮೇಲೆ 100 ಡಿಕಾಯ್, 10,000 ನಿಜ ಹೆಸರು ಇದ್ದರೆ, ಆ ನಿಜ ಹೆಸರುಗಳಲ್ಲೂ ಸುಮಾರು 100 ಸುಳ್ಳು. ಅಂದರೆ 1 ಶೇಕಡ. ಅಂಕದ ಪ್ರಕಾರ ಮೇಲಿನಿಂದ ಕೆಳಗೆ ಬನ್ನಿ, ಈ ಪ್ರಮಾಣ 1 ಶೇಕಡ ದಾಟುವ ಜಾಗದಲ್ಲಿ ಗೆರೆ ಎಳೆಯಿರಿ. ಎಲಿಯಾಸ್ ಮತ್ತು ಗೀಗಿ 2007ರಲ್ಲಿ ಬರೆದ ಲೇಖನದಿಂದ ಈ ಪದ್ಧತಿ ಎಲ್ಲ ಕಡೆ ಬೇರೂರಿತು.

ಎಲ್ಲ ನಿಂತಿರುವುದು ಆ "ಸಮನಾಗಿ" ಅನ್ನುವ ಮಾತಿನ ಮೇಲೆ. ನಾನು ಮೊದಲು ಬರೆದ ಡಿಕಾಯ್‌ನಲ್ಲಿ ಪೆಪ್ಟೈಡನ್ನು ಪೂರ್ತಿ ಹಿಂದುಮುಂದು ಮಾಡಿದ್ದೆ. ಎಲ್-ವಿ-ಎನ್ ಅಂತ ಶುರುವಾಗಿ ಎ-ಕೆ ಅಂತ ಮುಗಿಯುವುದು ಕೆ-ಎ ಅಂತ ಶುರುವಾಗಿ ವಿ-ಎಲ್ ಅಂತ ಮುಗಿಯಿತು. ಓಡಿಸಿದರೆ ಡಿಕಾಯ್ ಗೆಲ್ಲುವುದೇ ಇಲ್ಲ! ಹೆಸರುಗಳು ಧಂಡಿಯಾಗಿ ಬಂದವು. ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಪ್ರಸಿದ್ಧ ಸಾಫ್ಟ್‌ವೇರ್‌ಗಿಂತ ನನ್ನದೇ ಜಾಸ್ತಿ ಹುಡುಕುತ್ತಿದೆ ಅಂತ ಮೀಟಿಂಗ್‌ನಲ್ಲಿ ಹೇಳಿಯೂ ಬಿಟ್ಟೆ.

ಆದದ್ದು ಇಷ್ಟೇ. ಟ್ರಿಪ್ಸಿನ್ ಪೆಪ್ಟೈಡ್‌ಗಳು ಕೆ ಅಥವಾ ಆರ್‌ನಲ್ಲಿ ಮುಗಿಯುತ್ತವೆ. ಹಾಗಾಗಿ ಎಷ್ಟೋ ಸ್ಪೆಕ್ಟ್ರಮ್‌ಗಳಲ್ಲಿ ವೈ1 ಆಗಿ 147.113 ಅಥವಾ 175.119 ಪೀಕ್ ಇದ್ದೇ ಇರುತ್ತದೆ. ಪಟ್ಟಿಯಲ್ಲಿರುವ ನಿಜ ಪೆಪ್ಟೈಡ್, ತಪ್ಪಾಗಿದ್ದರೂ ಸರಿ, ಕೆಯಲ್ಲೋ ಆರ್‌ನಲ್ಲೋ ಮುಗಿಯುತ್ತದೆ, ಆ ಪೀಕ್ ಅದಕ್ಕೆ ಪುಕ್ಕಟೆ ಸಿಗುತ್ತದೆ. ನನ್ನ ಡಿಕಾಯ್‌ಗೆ ಯಾವತ್ತೂ ಸಿಗುವುದಿಲ್ಲ. ಓಟದ ಪಂದ್ಯದಲ್ಲಿ ಒಬ್ಬನ ಕಾಲು ಕಟ್ಟಿ, ಇನ್ನೊಬ್ಬ ಗೆದ್ದ ಅಂತ ಚಪ್ಪಾಳೆ ತಟ್ಟಿದ ಹಾಗಾಯಿತು.

ಸರಿಯಾದ ಕ್ರಮ: ಕೊನೆಯ ಅಕ್ಷರ ಹಾಗೇ ಇರಲಿ, ಉಳಿದದ್ದು ಹಿಂದುಮುಂದಾಗಲಿ. ನಮ್ಮ ಪೆಪ್ಟೈಡ್ ಎ, ಎಫ್, ಇ, ಟಿ, ಎಲ್, ಇ, ಎನ್, ವಿ, ಎಲ್, ಕೆ ಆಗುತ್ತದೆ. ಒಟ್ಟು ತೂಕ ಅದೇ 1162.623. ವೈ1 ಕೂಡ ಅದೇ 147.113. ವೈ2 ಮಾತ್ರ 218.150 ಹೋಗಿ 260.197 ಆಗುತ್ತದೆ. ಈಗ ಇಬ್ಬರೂ ಒಂದೇ ಗೆರೆಯಲ್ಲಿ ನಿಂತಿದ್ದಾರೆ. ಹಿಂದುಮುಂದು ಮಾಡಿದಾಗ ನಿಜವಾದ ಇನ್ನೊಂದು ಪೆಪ್ಟೈಡೇ ಬಂದುಬಿಟ್ಟರೆ ಅದನ್ನು ತೆಗೆದುಹಾಕಿ ಅಥವಾ ಅಕ್ಷರ ಕಲಸಿ.

ಇದನ್ನು ಸರಿ ಮಾಡಿದ ದಿನ ನನ್ನ ಹೆಸರುಗಳ ಪಟ್ಟಿ ಕುಗ್ಗಿತು. ಮೀಟಿಂಗ್‌ನಲ್ಲಿ ಮತ್ತೆ ಎದ್ದು ಹೇಳಬೇಕಾಯಿತು.

ಹಂತ 9: ಪೆಪ್ಟೈಡ್‌ನಿಂದ ಪ್ರೋಟೀನ್‌ಗೆ

ಇಲ್ಲಿ ದೊಡ್ಡವರೂ ಎಡವಿದ್ದಾರೆ. ಒಂದು ಊಹೆಯ ಲೆಕ್ಕ ನೋಡಿ. 1,00,000 ಸ್ಪೆಕ್ಟ್ರಮ್‌ಗೆ ಹೆಸರು ಸಿಕ್ಕಿತು, 1 ಶೇಕಡ ಸುಳ್ಳು ಅಂದುಕೊಳ್ಳಿ. 99,000 ನಿಜವಾದವು ಸ್ಯಾಂಪಲ್‌ನಲ್ಲಿರುವ 4,000 ಪ್ರೋಟೀನ್‌ಗಳ ಮೇಲೆಯೇ ಗುಡ್ಡೆಯಾಗಿ ಬೀಳುತ್ತವೆ. 1,000 ಸುಳ್ಳುಗಳು ಹಾಗಲ್ಲ, ಇಡೀ ಪಟ್ಟಿಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ, ಹೆಚ್ಚುಕಡಿಮೆ ಒಂದೊಂದೂ ಒಂದೊಂದು ಹೊಸ ಪ್ರೋಟೀನ್ ಮೇಲೆ. ಸ್ಪೆಕ್ಟ್ರಮ್ ಮಟ್ಟದಲ್ಲಿ ನೂರಕ್ಕೆ ಒಂದಿದ್ದ ಸುಳ್ಳು, ಪ್ರೋಟೀನ್‌ಗಳ ಪಟ್ಟಿಗೆ ಬಂದಾಗ ನೂರಾರು ಸುಳ್ಳು ಹೆಸರು ಆಗಿಬಿಡುತ್ತದೆ. ಡೇಟಾ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ.

ಬೆಂಗಳೂರಿಗೂ ಈ ಕಥೆಗೂ ನಂಟಿದೆ. ವೈಟ್‌ಫೀಲ್ಡ್‌ನ ಐಟಿಪಿಎಲ್‌ನಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸೇರಿ, ಅಖಿಲೇಶ್ ಪಾಂಡೆ ಅವರ ಮುಂದಾಳತ್ವದಲ್ಲಿ, 2014ರ ಮೇ ತಿಂಗಳಲ್ಲಿ ಮಾನವ ಪ್ರೋಟೀನ್‌ಗಳ ಕರಡು ನಕ್ಷೆ ಪ್ರಕಟಿಸಿದವು. 30 ಬಗೆಯ ಅಂಗಾಂಶ ಮತ್ತು ಕೋಶಗಳಲ್ಲಿ 17,294 ಜೀನ್‌ಗಳ ಪ್ರೋಟೀನ್ ಸಿಕ್ಕಿತು ಅಂತ ವರದಿ. ನೇಚರ್ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಜರ್ಮನಿಯ ಮ್ಯೂನಿಕ್ ತಂಡದ ಇನ್ನೊಂದು ನಕ್ಷೆಯೂ ಬಂತು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ವರ್ಷ ಎರಡನ್ನೂ ಮರುಪರಿಶೀಲಿಸಿದ ಬೇರೆ ತಂಡವೊಂದು ಒಂದು ಪ್ರಶ್ನೆ ಎತ್ತಿತು. ಮೂಗಿನ ಅಂಗಾಂಶವನ್ನೇ ನೋಡದ ಈ ನಕ್ಷೆಗಳಲ್ಲಿ ವಾಸನೆ ಹಿಡಿಯುವ ಪ್ರೋಟೀನ್‌ಗಳು ನೂರಕ್ಕೂ ಹೆಚ್ಚು ಹೇಗೆ ಬಂದವು? ಪ್ರೋಟೀನ್ ಮಟ್ಟದಲ್ಲಿ ಗೆರೆ ಬಿಗಿಯಾಗಿ ಎಳೆಯದಿದ್ದರೆ ಹೀಗಾಗುತ್ತದೆ. ಇಂಥ ಸಾರ್ವಜನಿಕ ತಿದ್ದುಪಡಿಯಿಂದಲೇ ಈ ಕ್ಷೇತ್ರದ ನಿಯಮಗಳು ಬಿಗಿಯಾದವು.

ನಿಮ್ಮ ಪ್ರೋಗ್ರಾಂನಲ್ಲಿ ಹೀಗೆ ಮಾಡಿ. ಒಂದು ಪ್ರೋಟೀನ್‌ಗೆ ಅದರ ಅತ್ಯುತ್ತಮ ಪೆಪ್ಟೈಡ್‌ನ ಅಂಕವನ್ನೇ ಅಂಕ ಅಂತ ಕೊಡಿ. ಡಿಕಾಯ್ ಪ್ರೋಟೀನ್‌ಗಳಿಗೂ ಹಾಗೇ. ಪ್ರೋಟೀನ್‌ಗಳನ್ನೇ ಸಾಲಾಗಿ ನಿಲ್ಲಿಸಿ ಮತ್ತೊಮ್ಮೆ 1 ಶೇಕಡ ಗೆರೆ ಎಳೆಯಿರಿ. ಒಂದೇ ಪೆಪ್ಟೈಡ್ ಎರಡು ಮೂರು ಪ್ರೋಟೀನ್‌ಗೆ ಸೇರಿದ್ದರೆ, ಅವನ್ನು ಒಂದು ಗುಂಪು ಅಂತ ಬರೆಯಿರಿ. ಬಲವಂತವಾಗಿ ಒಂದೇ ಹೆಸರು ಆರಿಸಬೇಡಿ. ಪ್ರಮಾಣ ಅಳೆಯುವುದು, ಎಲ್ಲ ಪೆಪ್ಟೈಡ್‌ಗಳನ್ನೂ ಒಟ್ಟಿಗೆ ಒಡೆಯುವ ಡಿಐಎ ಪದ್ಧತಿ, ಇವೆಲ್ಲ ಇದರ ಮೇಲೆ ಕಟ್ಟುವ ಮಹಡಿಗಳು. ಅವಕ್ಕೆ ಬೇರೆಯೇ ಬರಹ ಬೇಕು.

ಹಂತ 10: ನಿಮ್ಮ ಪ್ರೋಗ್ರಾಂಗೇ ಬಲೆ ಬೀಸಿ

ಡಿಕಾಯ್ ಬರೆದವರು ನೀವೇ, ಹಾಗಾಗಿ ಅದರಲ್ಲೂ ತಪ್ಪಿರಬಹುದು. ನನ್ನ ಕಥೆ ಕೇಳಿದಿರಲ್ಲ. ಪ್ರೋಗ್ರಾಂಗೆ ಗೊತ್ತಾಗದ ಹಾಗೆ ಇನ್ನೊಂದು ಪರೀಕ್ಷೆ ಇಡಿ. ಅರಬಿಡಾಪ್ಸಿಸ್ ಎಂಬ ಗಿಡದ ಪ್ರೋಟೀನ್ ಪಟ್ಟಿಯಿಂದ ಯೀಸ್ಟ್‌ನಷ್ಟೇ ಸಂಖ್ಯೆಯ ಪ್ರೋಟೀನ್‌ಗಳನ್ನು ಕಣ್ಣು ಮುಚ್ಚಿ ಆರಿಸಿ, ನಿಜವಾದ ಪಟ್ಟಿಯೊಳಗೆ ಸೇರಿಸಿಬಿಡಿ. ಅವಕ್ಕೂ ಡಿಕಾಯ್ ಮಾಡಿ. ಎರಡೂ ಜೀವಿಗಳಲ್ಲಿ ಇರುವ ಪೆಪ್ಟೈಡ್‌ಗಳನ್ನು ಮೊದಲೇ ತೆಗೆದಿಡಿ. ಆಕ್ಟಿನ್, ಟ್ಯುಬುಲಿನ್, ಹಿಸ್ಟೋನ್‌ಗಳಲ್ಲಿ ಇಂಥವು ಸಾಕಷ್ಟಿವೆ. ಪ್ರೋಗ್ರಾಂ ಕಣ್ಣಿಗೆ ಗಿಡದ ಪ್ರೋಟೀನ್‌ಗಳೂ ನಿಜವೇ. ನಿಮಗೆ ಮಾತ್ರ ಗೊತ್ತು, ಯೀಸ್ಟ್ ಟ್ಯೂಬ್‌ನಲ್ಲಿ ಗಿಡ ಇಲ್ಲ ಅಂತ.

ಈಗ ಓಡಿಸಿ. 1 ಶೇಕಡ ಗೆರೆಯ ಮೇಲೆ 10,000 ಹೆಸರು ಬಂದರೆ ಸುಮಾರು 100 ಸುಳ್ಳು ಇರಬೇಕು. ಅದರಲ್ಲಿ ಅರ್ಧ, ಅಂದರೆ 50ರ ಆಸುಪಾಸು, ಗಿಡದ ಮೇಲೆ ಬೀಳಬೇಕು. 45 ಬಂತು, 60 ಬಂತು, ತೊಂದರೆ ಇಲ್ಲ. 300 ಬಂದರೆ ನಿಮ್ಮ 1 ಶೇಕಡ ಅನ್ನುವುದು ನಿಜದಲ್ಲಿ 6 ಶೇಕಡ. ಆಗ ಡಿಕಾಯ್ ಬರೆದ ಸಾಲುಗಳಿಗೆ ವಾಪಸ್ ಹೋಗಿ. 5 ಬಂದರೂ ಹಿಗ್ಗಬೇಡಿ, ಗೆರೆ ವಿಪರೀತ ಮೇಲಿದೆ, ಒಳ್ಳೆಯ ಹೆಸರುಗಳನ್ನು ಎಸೆಯುತ್ತಿದ್ದೀರಿ.

ಅದೇ ಫೈಲನ್ನು ಕಾಮೆಟ್‌ನಲ್ಲೂ ಓಡಿಸಿ. ಎರಡೂ ಒಪ್ಪದ ಸ್ಪೆಕ್ಟ್ರಮ್‌ಗಳಲ್ಲಿ ಇಪ್ಪತ್ತನ್ನು ಆರಿಸಿ, ಹಂತ 5ರಂತೆ ಪೆನ್ಸಿಲ್ ಹಿಡಿದು ನೋಡಿ. ಕೆಲವಲ್ಲಿ ಕಾಮೆಟ್ ಸರಿ ಇರುತ್ತದೆ, ಅಪರೂಪಕ್ಕೆ ನಿಮ್ಮದು. ಕೆಲವಲ್ಲಿ ಇಬ್ಬರೂ ತಪ್ಪು, ಎರಡು ಪೆಪ್ಟೈಡ್ ಒಟ್ಟಿಗೆ ಒಡೆದಿರುತ್ತವೆ. ಆ ಇಪ್ಪತ್ತರ ಚಿತ್ರ, ಸೆಟ್ಟಿಂಗ್ ಫೈಲ್, ಬಳಸಿದ ಡೇಟಾಬೇಸ್‌ನ ದಿನಾಂಕ, ಮೂರನ್ನೂ ಒಂದೇ ಫೋಲ್ಡರ್‌ನಲ್ಲಿಡಿ. ಮುಂದೆ ಡೇಟಾವನ್ನು ಪ್ರೈಡ್‌ಗೆ ಏರಿಸಿ ಪಿಎಕ್ಸ್‌ಡಿ ಎಂಬ ಗುರುತಿನ ಸಂಖ್ಯೆ ತೆಗೆದುಕೊಳ್ಳುವಾಗ ಡೇಟಾಬೇಸೂ ಸೆಟ್ಟಿಂಗೂ ಹುಡುಕಾಡುವ ಪಾಡು ತಪ್ಪುತ್ತದೆ.